ಹಳೇ ಫೋನಿನ ಬಿರುಗಾಳಿ

“ಇಲ್ಲೇ ಕೂಕಣಿ, ಅಪ್ಪಯ್ಯನ ಪಕ್ಕ,” ಎಂದು ಧಣಿಯ ಮಗ ಮೂಕಾಂಬುವನ್ನು ಮುಂದಿನ ಸಾಲಿನಲ್ಲೇ ಕೂರಿಸಿ, ತಾನೇ ಆಡಿಸುತ್ತಿದ್ದ ನಾಟಕದ ಪರದೆಯ ಹಿಂದೆ ಹೋದ.

ಧಣಿಯ ಬೋಟಿನೊಂದಿಗೆ ಅವಳ ಗಂಡ ಸಮುದ್ರದಲ್ಲಿ ಮುಳುಗಿ ಎರಡು ಮಳೆಗಾಲ ಕಳೆದಿದ್ದವು. ಧಣಿ ಕಂಡಾಗಲೆಲ್ಲ ಅವಳು ಕೇಳುವುದು ಒಂದೇ ಮಾತು. ಇವತ್ತೂ ಕೇಳಿದಳು.

“ಆ ದಿನ ಅವ್ರ್ ಒಂದ್ ಫೋನೂ ಮಾಡ್ಲಿಲ್ಯಾ?”

“ಇಲ್ಯೇ, ದೇವ್ರಾಣೆ! ಮಾಡಿದ್ರೆ ನಾನ್ ಸುಮ್ನಿರ್ತಿದ್ನಾ?” ಧಣಿ ಮಾತು ತಿರುಗಿಸಿದರು. “ನಾಟ್ಕ ಶುರುವಾಪುದೇ ಬಿರುಗಾಳಿಯಿಂದ, ಕಾಣ್. ಆ ಸದ್ದ್ ಮಗನಿಗೆ ನನ್ನ ಹಳೇ ಫೋನಿನಲ್ಲಿ ಸಿಕ್ಕಿದ್ದಂಬ್ರ್. ಅದ್ರಲ್ಲಿ ಹ್ಯಾಂಗ್ ಬಂತೋ, ನಂಗೇ ಗೊತ್ತಿಲ್ಯ.”

ದೀಪಗಳು ಆರಿದವು. ಸ್ಪೀಕರಿನಲ್ಲಿ ಗಾಳಿ ಊಳಿಟ್ಟಿತು. ರಂಗದ ಮೇಲೆ ನೀಲಿ ಬಟ್ಟೆಯ ಅಲೆಗಳು ಆಳೆತ್ತರ ಎದ್ದಾಗ ಜನ ಚಪ್ಪಾಳೆ ತಟ್ಟಿದರು. ಮೂಕಾಂಬು ಮಾತ್ರ ಸ್ಪೀಕರಿನತ್ತ ತಿರುಗಿದಳು. ಆ ಗಾಳಿಯ ನಡುವೆ ಅರಚುತ್ತಿದ್ದವನು ಅವಳ ಗಂಡ.

“ಧಣೀ, ನಾನ್ ಬಲೆ ಕಡೀತೆ! ಇಲ್ದಿದ್ರೆ ಬೋಟ್ ಮಗ್ಚತ್ತ್!”

ಧಣಿ ದಡಬಡಿಸಿ ಎದ್ದು ನಿಂತರು. ಅಷ್ಟರಲ್ಲಿ ಅವರದೇ ದನಿ ಸ್ಪೀಕರಿನಿಂದ ಗುಡುಗಿತು:

“ಬಲೆ ಕಡ್ದ್ರೆ ದಡಕ್ಕೆ ಬಪ್ಪುದೇ ಬ್ಯಾಡ!”