ಗುಡ್ಡದ ಮೇಲೆ ಅವ್ವ ಎಬ್ಬಿಸಿದ ಹೊಗೆ

ಹಸಿ ಸೊಪ್ಪು ಸುಡುವ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಅವ್ವನ ಸಿಟ್ಟೇ ನೆನಪಾಗುತ್ತದೆ.

ನಾನಾಗ ಸಣ್ಣ ಹುಡುಗಿ. ಲಕ್ಕಲಕಟ್ಟಿಯಲ್ಲಿ ಮದುವೆಯೂಟ ಉಂಡು ಗಜೇಂದ್ರಗಡಕ್ಕೆ ಮರಳುವಾಗ ಅಪ್ಪ ಬಂಡಿದಾರಿ ಬಿಟ್ಟು ಗುಡ್ಡದ ಒಳದಾರಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ದಾರಿ ತಪ್ಪಿತ್ತು, ತಂಬಿಗೆಯ ನೀರೂ ತೀರಿತ್ತು. ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

“ಇದೊಂದು ಗುಡ್ಡ ದಾಟಿದ್ರ ಊರು ಕಾಣತೈತಿ,” ಎಂದ ಅಪ್ಪ.

“ಆಗಿಂದ ಅದನ್ನ ಹೇಳಾಕತ್ತೀರಿ! ಗೊತ್ತಿಲ್ಲದ ದಾರ್ಯಾಗ ನಡದಷ್ಟೂ ಊರು ದೂರ ಆಗತೈತಿ. ಸುಮ್ನ ಕುಂದರ್ರಿ!”

ಅವ್ವ ನನ್ನನ್ನು ಬಂಡೆಯ ನೆರಳಿಗೆ ಎಳೆದು ಕೂರಿಸಿದಳು. ಅಪ್ಪನ ಕಡ್ಡಿಪೆಟ್ಟಿಗೆ ಕಸಿದುಕೊಂಡು ಬರಿಗಲ್ಲಿನ ಮೇಲೆ ಒಣಕಡ್ಡಿಗೆ ಬೆಂಕಿ ಹಚ್ಚಿ, ಮೇಲೆ ಹಸಿ ಸೊಪ್ಪು ಒಟ್ಟಿದಳು. ದಟ್ಟ ಹೊಗೆ ಎದ್ದಿತು.

ಬಹಳ ಹೊತ್ತಿನ ಮೇಲೆ ಕುರಿ ಕಾಯುವ ಮುದುಕನೊಬ್ಬ ಆ ಹೊಗೆ ನೋಡಿ ಬಂದ. “ದಾರಿ ತಪ್ಪೀರೇನ್ರಿ?”

“ಇಲ್ರಿ, ಸ್ವಲ್ಪ ದಣಿವು ಆರಿಸ್ಕೊಳ್ಳಾಕತ್ತೀವಿ,” ಎಂದ ಅಪ್ಪ.

ಅವ್ವ ಹಣೆ ಬಡಿದುಕೊಂಡಳು. ಮುದುಕ ಕೊಟ್ಟ ನೀರನ್ನು ಅಪ್ಪ ಮೊದಲು ನನಗೆ, ಆಮೇಲೆ ಅವಳಿಗೆ ಕುಡಿಸಿದ. ಅವ್ವ ಒಂದೇ ಸಮನೆ ಬೈಯುತ್ತ, ಸೆರಗಿನಿಂದ ಅಪ್ಪನ ಮುಖದ ಬೆವರು ಒರೆಸಿದಳು.