ಹೆಣ್ಣು ನೋಡಲು ತಂದ ಮೀಟರ್

ಸಾವಿತ್ರಮ್ಮನವರ ಕೈಚೀಲದಲ್ಲಿ ಹೂವಿರಲಿಲ್ಲ, ಹಣ್ಣಿರಲಿಲ್ಲ. ವಿಕಿರಣ ಅಳೆಯುವ ಮೀಟರ್ ಇತ್ತು. ಜಿಪ್ಪಿನ ಸಂದಿಯಿಂದ ಇಣುಕುತ್ತಿದ್ದ ಆ ಹಳದಿ ಮೂತಿಯನ್ನು ಕವನಾ ಬಾಗಿಲಲ್ಲೇ ಗುರುತಿಸಿದಳು. ಹೆಣ್ಣು ನೋಡಲು ಮೀಟರ್ ಹಿಡಿದು ಬಂದ ಹೆಂಗಸು, ಈ ಬೆಟ್ಟಗಳು ಹುಟ್ಟಿದ ಮೇಲೆ ಇವರೊಬ್ಬರೇ.

ಅಣುಸ್ಥಾವರದ ಮಿಶ್ರಲೋಹಗಳು ವಿಕಿರಣಕ್ಕೆ ಸಿಕ್ಕಿ ಹೇಗೆ ಕೆಡುತ್ತವೆಂದು ನೋಡುವುದು ಕವನಾಳ ಕೆಲಸ. ನ್ಯೂಟ್ರಾನ್ ಬಡಿದಂತೆಲ್ಲ ಒಳಗಿನ ಪರಮಾಣುಗಳು ಜಾಗ ಬಿಟ್ಟು ಹಾರುತ್ತವೆ. ಹೊರಗೆ ಹೊಳಪು ಹಾಗೇ. ಒಳಗೆ ಖಾಲಿ ಖಾಲಿ. ಕೊನೆಗೊಂದು ದಿನ, ಬಾಗಬೇಕಾದ ಉಕ್ಕು ಚಕ್ಕುಲಿಯ ಹಾಗೆ ಪಟ್ ಎನ್ನುತ್ತದೆ. ಅವಳು ಮುರಿದು ನೋಡಿದ ತುಂಡುಗಳನ್ನು ನೆಟ್ಟರೆ ಗೋಣಿಬೀಡಿನಿಂದ ದೇವರಮನೆಯ ತನಕ ಬೇಲಿಯಾದೀತು. ಒಂದನ್ನೂ ಬರಿಗೈಯಲ್ಲಿ ಮುಟ್ಟಿದವಳಲ್ಲ. ಗೋಡೆಯಷ್ಟು ದಪ್ಪದ ಗಾಜಿನಾಚೆ ಯಂತ್ರದ ಕೈ ಮುಟ್ಟುತ್ತದೆ.

ಹೇಳಿದರೆ ಯಾರು ನಂಬುತ್ತಾರೆ? "ಮಕ್ಕಳಾಗ್ತಾವಾ?" ಎಂದು ಕೇಳಿ, ಕಾಫಿ ಮುಟ್ಟದೆ ಎದ್ದುಹೋದ ಗಂಡಿನ ಕಡೆಯವರನ್ನು ಸಾಲಾಗಿ ನಿಲ್ಲಿಸಿದರೆ ಮೂಡಿಗೆರೆ ಬಸ್‌ಸ್ಟ್ಯಾಂಡ್ ಸಾಲದು. ಮೊದಮೊದಲು ಅಳು ಬರುತ್ತಿತ್ತು. ಈಗ ಏನೂ ಬರುವುದಿಲ್ಲ.

ಸಾವಿತ್ರಮ್ಮನವರ ಮಗ ದಿಲೀಪನ ಮೇಲೆ ಮಾತ್ರ ಎಲ್ಲೋ ಚೂರು ಆಸೆಯಿತ್ತು. ಮಲ್ಲಂದೂರಿನ ಹುಡುಗ. ಅವಳ ಉಕ್ಕಿನ ಬಗ್ಗೆ ಫೋನಿನಲ್ಲಿ ಗಂಟೆಗಟ್ಟಲೆ ಕೇಳಿದ್ದ.

"ಅಷ್ಟು ಏಟು ತಿಂದಿದ್ದು ಮತ್ತೆ ಸರಿಹೋಗುತ್ತಾ?"

"ಹದವಾಗಿ ಕಾಯಿಸಿದ್ರೆ ಎಷ್ಟೋ ಪರಮಾಣು ವಾಪಸ್ ಜಾಗಕ್ಕೆ ಬರ್ತಾವೆ."

ಆ ಕಡೆ ಅವನು ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತ್ತು.

ಅದೇ ದಿಲೀಪ ಈಗ ಎಲ್ಲರಿಂದ ದೂರ, ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂತಿದ್ದ. ಕಣದಲ್ಲಿ ಹರವಿದ ಕಾಫಿ ತಾನೇ ಹುರಿದುಕೊಳ್ಳುವಂಥ ಬಿಸಿಲು. ಅವನ ಕುತ್ತಿಗೆಗೆ ಮಫ್ಲರ್. ಕುಡಿಯಲು ಮನೆಯಿಂದಲೇ ಫ್ಲಾಸ್ಕು, ಲೋಟ. ಕವನಾಳ ಅಕ್ಕನ ಮಗು ತೊಡೆ ಏರಲು ಹೋದರೆ ಬೆಂಕಿ ಕಂಡವನಂತೆ ಎದ್ದು ನಿಂತ. "ಬೇಡ ಪುಟ್ಟಿ, ಆಚೆ ಹೋಗು!"

ಇವನೂ ಅಷ್ಟೇ, ಎಂದುಕೊಂಡಳು ಕವನಾ. ನೋವೂ ಆಗಲಿಲ್ಲ.

ಅವಳು ಕಾಫಿ ತಟ್ಟೆ ಹಿಡಿದು ಬಾಗಿದಳು. ಸಾವಿತ್ರಮ್ಮನವರ ಕೈ ಚೀಲದೊಳಗೆ ಹೋಯಿತು. ಗುಂಡಿ ಒತ್ತಿದ್ದೇ ತಡ, ಚಾರ್ಮಾಡಿ ಕಾಡಿನ ಜೀರುಂಡೆಗಳೆಲ್ಲ ಒಟ್ಟಿಗೆ ಕಿರುಚಿದವು.

"ನೋಡಿ ತಮ್ಮಯ್ಯನವ್ರೆ! ನಿಮ್ಮ ಮಗಳ ಮೈಯೇ ಸ್ಥಾವರ!"

ತಮ್ಮಯ್ಯನ ಮುಖ ಬೂದಿಯಾಯಿತು. ಇದೊಂದು ಸಂಬಂಧ ಕುದುರಲೆಂದು ಅವರು ಹರಕೆ ಹೊರದ ದೇವರು ಜಿಲ್ಲೆಯಲ್ಲಿ ಉಳಿದಿರಲಿಲ್ಲ. "ಕವನಾ, ಏನಾದ್ರೂ ಹೇಳೇ ಮಾರಾಯ್ತಿ!"

ಕವನಾ ಮೀಟರ್ ನೋಡಿದಳು. ಮಫ್ಲರ್ ನೋಡಿದಳು. ಬಿಳಿಚಿಕೊಂಡಿದ್ದ ದಿಲೀಪ ಬಾಯಿ ತೆರೆದ. ಅವಳು ಬೇಡವೆಂಬಂತೆ ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿದ.

"ನೀವು ಹೊರಡಿ ಅಮ್ಮ," ಎಂದಳು, ಸಾವಿತ್ರಮ್ಮನವರಿಗೆ. ಅಷ್ಟೇ.

ಅವರು ಮಗನ ತೋಳು ಹಿಡಿದು ಎಳೆದುಕೊಂಡು ಹೋಗಿ ಕಾರು ಹತ್ತಿದರು. ಮೀಟರ್ ಆರಿಸಲು ಅವರಿಗೆ ಬರಲಿಲ್ಲ. ಕಾರಿನೊಳಗೆ ಅದರ ಕಿರುಚಾಟ ಇನ್ನೂ ಏರಿತು. "ಅಯ್ಯೋ, ಇವರ ಮನೆ ಧೂಳು ಮೈಗೇ ಅಂಟಿದೆ ಕಣೋ!" ಎಂಬ ಕೂಗು ಗೇಟಿನಾಚೆಗೂ ಕೇಳಿಸಿತು.

"ಯಾಕೆ ಸುಮ್ನಿದ್ದೆ?" ತಮ್ಮಯ್ಯ ಮಗಳ ಕಡೆ ತಿರುಗಿದರು. "ಹೀಗೇ ಕಲ್ಲಾಗಿ ನಿಂತ್ರೆ ಯಾರು ಒಪ್ತಾರೆ ನಿನ್ನ?"

ಕವನಾ ಮಗುವನ್ನು ಎತ್ತಿಕೊಂಡಳು. ತಿರುವಿನಲ್ಲಿ ಜೀರುಂಡೆ ಸದ್ದು ಕಾರಿನ ಜೊತೆಗೇ ಇಳಿದುಹೋಯಿತು.

"ಗಂಟಲಿನ ಗೆಡ್ಡೆಗೆ ವಿಕಿರಣದ ಔಷಧಿ ನುಂಗಿದವ್ರ ಮೈಯಿಂದ ಸ್ವಲ್ಪ ದಿನ ವಿಕಿರಣ ಬರುತ್ತೆ, ಮಕ್ಕಳನ್ನ ಹತ್ರ ಸೇರಿಸಬಾರದು ಅಪ್ಪ," ಎಂದಳು. "ಪಾಪ, ದಿಲೀಪ ಅವರಮ್ಮನಿಗೆ ಇನ್ನೂ ಹೇಳಿಲ್ಲ ಅನ್ಸುತ್ತೆ."