ಒಂದು ಗೇಣಿನ ಕಟ್ಟೆ

ಮಾಯಕ್ಕ ಎರಡನೇ ಸಲವೂ ಕಟ್ಟೆ ಹತ್ತಲಾಗದೆ ಕೆಳಗೆ ಜಾರಿದಳು. ಬೆಣ್ಣೆಯ ಬುಟ್ಟಿಯನ್ನು ಪಕ್ಕದವಳು ಹಿಡಿದುಕೊಂಡಿದ್ದರಿಂದ ಅದಕ್ಕೇನೂ ಆಗಲಿಲ್ಲ. ಮೊಣಕೈ ಸ್ವಲ್ಪ ತರಚಿತು, ಮಾನ ಅದಕ್ಕಿಂತ ಹೆಚ್ಚು.

ಬೆಳಗಾವಿ ನಡುಪೇಟೆಯ ಆ ಹಳೆಯ ಸಂತೆಬಯಲು ಈಗ ಗುರುತು ಸಿಗದಷ್ಟು ಚೆಂದವಾಗಿತ್ತು. ಊರಂಚಿನ ಕಾರ್ಖಾನೆ ಬಡಾವಣೆ ಉದ್ಯಮಬಾಗದ ದೊಡ್ಡ ಕಬ್ಬಿಣದ ಎರಕದ ಕಂಪನಿಯೊಂದು ತನ್ನ ಕೈಯಿಂದ ದುಡ್ಡು ಹಾಕಿ ಗಟಾರ ಮುಚ್ಚಿಸಿ, ಮೇಲೆ ಚಾವಣಿ, ಕೆಳಗೆ ಕಲ್ಲುಹಾಸು ಮಾಡಿಸಿತ್ತು. ಹೆಂಗಸರ ಶೌಚಾಲಯಕ್ಕೆ ಒಳಚಿಲಕವೂ ಇತ್ತು. ಅದನ್ನು ನೋಡಲೆಂದೇ ಕೆಲವರು ಎರಡೆರಡು ಸಲ ಹೋಗಿ ಬಂದಿದ್ದರು. ಹೊಗಳಬೇಕಾದದ್ದನ್ನು ಹೊಗಳಲೇಬೇಕು. ಆದರೆ ಮಾರುವವರಿಗೆಂದು ಕಟ್ಟಿದ ನಲವತ್ತು ಕಟ್ಟೆಗಳು ಸೊಂಟದೆತ್ತರ ಇದ್ದವು. ನಾಡಿದ್ದು ಉದ್ಘಾಟನೆ. ಅಂದು ಕಟ್ಟೆಯ ಮೇಲೆ ಕೂರದವರ ಜಾಗ ಬೇರೆಯವರಿಗೆ ಎಂದು ಬೋರ್ಡು ಬೇರೆ ಹಾಕಿದ್ದರು. ಮೂವತ್ತು ವರ್ಷದಿಂದ ಖಾನಾಪುರದಿಂದ ಬುಟ್ಟಿ ಹೊತ್ತು ತಂದು ಅಲ್ಲೇ ಕೂರುತ್ತಿದ್ದ ಮಾಯಕ್ಕನಿಗೆ ಆ ಜಾಗ ಹೋದರೆ ಹೊಟ್ಟೆಪಾಡೇ ಹೋದಂತೆ.

“ಇಷ್ಟ ಎತ್ತರ ಯಾಕ ಮಾಡೀರಿ, ಮೇಡಮ್ಮಾರ?”

“ಗಿರಾಕಿ ಬಗ್ಗಬಾರದು ಅಂತ, ಯವ್ವಾ,” ಎಂದಳು ಕಂಪನಿಯ ಎಂಜಿನಿಯರ್ ಪದ್ಮಶ್ರೀ.

“ಮೂವತ್ತ ವರ್ಷ ಬಗ್ಗ್ಯಾರ. ಒಬ್ಬರದೂ ಸೊಂಟ ಮುರದಿಲ್ಲ.”

“ಒಂದು ಮೆಟ್ಟಲಾ ಹಾಕಸ್ತೀನಿ.”

“ತಲಿ ಮ್ಯಾಲ ಬುಟ್ಟಿ, ಮೊಣಕಾಲಾಗ ವಾಯು. ಎಷ್ಟ ಮೆಟ್ಟಲಾ ಹಾಕಸ್ತೀರಿ?”

ಪದ್ಮಶ್ರೀ ಸುತ್ತ ನೋಡಿದಳು. ಹೊಳೆಯುವ ಕಟ್ಟೆಗಳು ಖಾಲಿ ಇದ್ದವು; ಅವುಗಳ ಬುಡದಲ್ಲಿ ಹತ್ತಾರು ಮುದುಕಿಯರು ನೆಲದ ಮೇಲೆ ಕೂತಿದ್ದರು. ಎಂಟು ತಿಂಗಳು ಹಗಲಿರುಳು ಕೂತು ಬರೆದ ನಕ್ಷೆಯಲ್ಲಿ ಕೊಳ್ಳುವವರಿದ್ದರು, ಮಾರುವವರನ್ನು ಬರೆಯುವುದೇ ಮರೆತುಹೋಗಿತ್ತು. ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆದರೂ ಫೋನ್ ತೆಗೆದು ಯಜಮಾನರಿಗೇ ನೇರವಾಗಿ ಹೇಳಿದಳು.

ಅರ್ಧ ಗಂಟೆಯಲ್ಲಿ ಬಸಲಿಂಗಪ್ಪನವರು ಬಂದರು. ಎಪ್ಪತ್ತರ ವಯಸ್ಸು. ಭಟ್ಟಿಯ ಮುಂದೆ ಬೆವರು ಸುರಿಸಿ ಕಂಪನಿ ಕಟ್ಟಿದ ಮನುಷ್ಯ. ಕಟ್ಟೆಯನ್ನು ನೋಡಿದರು, ಮಾಯಕ್ಕನ ತರಚಿದ ಮೊಣಕೈ ನೋಡಿದರು.

“ನಕ್ಷಾ ಯಾರದು?”

“ನಂದ ರೀ. ತಪ್ಪೂ ನಂದ,” ಎಂದಳು ಪದ್ಮಶ್ರೀ. ಕೆಲಸ ಹೋಯಿತೆಂದೇ ಅವಳ ಎಣಿಕೆ.

“ಅಚ್ಚು ತಪ್ಪಿದ ಮಾಲು ಬಂದ್ರ ಭಟ್ಟಿಯೊಳಗ ಏನ್ ಮಾಡ್ತೀವಿ?”

“ಒಡದು ಮತ್ತ ಕರಗಸ್ತೀವ್ರಿ.”

“ಕಬ್ಬಿಣಕ್ಕೊಂದು ನ್ಯಾಯ, ಕಲ್ಲಿಗೊಂದು ನ್ಯಾಯ ಐತೇನು? ಒಡಸು. ಉದ್ಘಾಟನಾ ಮುಂದ ಹಾಕು, ಆ ಬೋರ್ಡೂ ಕೀಳಸು. ಎತ್ತರ ಎಷ್ಟಿರಬೇಕು ಅಂತ ನನ್ನ ಕೇಳಬ್ಯಾಡ, ಈ ಯವ್ವನ್ನ ಕೇಳು.”

ಮಾಯಕ್ಕ ಹೆಬ್ಬೆರಳು ನೆಲಕ್ಕೆ ಊರಿ, ಕಿರುಬೆರಳು ಮೇಲೆ ಚಾಚಿ ತೋರಿಸಿದಳು. ಒಂದು ಗೇಣು. ಪದ್ಮಶ್ರೀ ಟೇಪು ಜೇಬಿಗೆ ಹಾಕಿ, ಆ ಕಿರುಬೆರಳಿನ ತುದಿಗೇ ಕಟ್ಟೆಯ ಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಳು.

ಮುಂದಿನ ತಿಂಗಳು ಉದ್ಘಾಟನೆ ನಡೆಯಿತು. ರಿಬ್ಬನ್ ಕತ್ತರಿಸಿದ ಬಸಲಿಂಗಪ್ಪನವರು ಮೊದಲ ವ್ಯಾಪಾರ ಮಾಡಲು, ಗೇಣೆತ್ತರದ ಹೊಸ ಕಟ್ಟೆಯ ಮೇಲೆ ಕೂತಿದ್ದ ಮಾಯಕ್ಕನ ಮುಂದೆ ನಿಂತರು. ಬೆಣ್ಣೆಯನ್ನು ಮುಂಗೈಗೆ ಹಚ್ಚಿಸಿಕೊಂಡು ಮೂಸಿ ನೋಡಿಯೇ ಕೊಳ್ಳುವುದು ಅಲ್ಲಿಯ ರೂಢಿ. ಕೈ ಚಾಚಿದರೆ ಎಟುಕಲಿಲ್ಲ. ಅಷ್ಟು ಜನರ ಎದುರಿಗೆ, ಅಷ್ಟು ಕ್ಯಾಮೆರಾಗಳ ಎದುರಿಗೆ, ಅವರು ಬಿಳಿ ಧೋತರ ಒಟ್ಟು ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತರು. ಮಾಯಕ್ಕ ಮುಂಗೈಗೆ ಬೆಣ್ಣೆ ಹಚ್ಚಿದಳು. ಅವರು ಕಣ್ಣು ಮುಚ್ಚಿ ಮೂಸಿದರು.

“ಸಾಹೇಬ್ರ, ಸ್ವಲ್ಪ ಮಾರಿ ಎತ್ರಿ!” ಎಂದು ಫೋಟೋದವರು ಕೂಗಿದರು. ಬಸಲಿಂಗಪ್ಪನವರು ಮುಖ ಎತ್ತಲಿಲ್ಲ.

ಬೆಣ್ಣೆ ಕಟ್ಟಿಸಿಕೊಂಡು ಏಳಲು ಹೋದರೆ ಮೊಣಕಾಲು ಏಳಗೊಡಲಿಲ್ಲ. ಹತ್ತಿರದವರು ಹಿಡಿಯಲು ಓಡಿ ಬರುವಷ್ಟರಲ್ಲಿ ಮಾಯಕ್ಕ ಬುಟ್ಟಿ ಈಚೆಗೆ ಸರಿಸಿ, ಸೆರಗಿನಿಂದ ಕಟ್ಟೆ ಒರೆಸಿದಳು.

“ಬರ್ರಿ ಸಾವಕಾರ್ರ, ಇಲ್ಲೇ ಕುಂದರ್ರಿ. ಎತ್ತರ ಬರೋಬರಿ ಐತಿ.”